ಸಂದಿನಲ್ಲಿ ಹಿಡಿಸದ ಪದ

ನಮ್ಮೂರಿನಲ್ಲಿ ಒನಕೆ ಬೀಳುವಾಗ ಬಾಯಿ ಮುಚ್ಚಿರಬೇಕು. ಇದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ನಾಲಗೆ ಒಂದೆರಡು ಸಲ ಹಲ್ಲಿಗೆ ಸಿಕ್ಕಿದರೆ ತಾನಾಗಿಯೇ ಬರುತ್ತದೆ. ಒನಕೆ ಎಂದರೆ ಕೈಯಲ್ಲಿ ಹಿಡಿದು ಕುಟ್ಟುವ ಒನಕೆಯಲ್ಲ, ನೆಲದೊಳಗಿನಿಂದ ಬರುವ ಗುದ್ದು. ಕೆಳಗೆ ಯಾರೋ ಭತ್ತ ಕುಟ್ಟುತ್ತಿದ್ದಾರೇನೋ ಎನ್ನುವಂತೆ ಧಡ್ ಎಂದು ಬೀಳುತ್ತದೆ. ಪಾತ್ರೆ ಪಡಗ, ಮಂಚ, ಮನುಷ್ಯರು, ಎಮ್ಮೆ ಎಲ್ಲವೂ ಒಂದು ಬೆರಳಿನಷ್ಟು ಮೇಲೆದ್ದು ಕೂರುತ್ತವೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಕಾವಲಿಯ ಮೇಲೆ ಒಂದು ದೋಸೆ ಹುಯ್ದು ಹರಡಿ ಮುಗಿಸುವಷ್ಟು ಹೊತ್ತು. ಮತ್ತೆ ಧಡ್. ಈ ನಡುವಿನ ಹೊತ್ತಿಗೆ ನಾವು ಸಂದು ಎನ್ನುತ್ತೇವೆ. ಕಾಫಿ ಸೋಸುವುದು, ಸೂಜಿಗೆ ದಾರ ಪೋಣಿಸುವುದು, ಗಡ್ಡ ಹೆರೆಯುವುದು, ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವುದು ಎಲ್ಲ ಸಂದಿನಲ್ಲಿ. ಒನಕೆ ಬೀಳುವಾಗ ಕೈಯೆತ್ತಿ ನಿಲ್ಲುತ್ತೇವೆ, ಬಿದ್ದ ಮೇಲೆ ಮುಂದುವರಿಸುತ್ತೇವೆ. ಹೋಟೆಲಿನ ಸೀತಾರಾಮಯ್ಯನವರು ಲೋಟ ತುಂಬ ಕಾಫಿ ಹುಯ್ಯುವುದಿಲ್ಲ. ಒನಕೆಗೆ ತುಳುಕುತ್ತದೆ ಎಂದು ಅವರು, ಜಿಪುಣತನ ಎಂದು ಊರು.

ಇದರ ಜೊತೆಗೆ ಒಂದು ಕಟ್ಟಳೆ ಇದೆ. ಕೊಡುವ ಮಾತು, ಕೊಳ್ಳುವ ಮಾತು, ಮದುವೆಯ ಒಪ್ಪಿಗೆ, ಆಣೆ, ಪ್ರಮಾಣ, ಹೀಗೆ ಮುಂದೆ ತಪ್ಪಬಾರದ ಮಾತು ಯಾವುದೇ ಇರಲಿ, ಅದು ಒಂದೇ ಸಂದಿನಲ್ಲಿ ಹುಟ್ಟಿ ಅದೇ ಸಂದಿನಲ್ಲಿ ಮುಗಿಯಬೇಕು. ನಡುವೆ ಒನಕೆ ಬಿತ್ತೋ, ಅದು ಮಾತಲ್ಲ, ಬರೀ ಸದ್ದು. ಇದನ್ನು ನೋಡಿಕೊಳ್ಳಲು ಊರಿಗೊಬ್ಬ ಸಾಕ್ಷಿ ಇರುತ್ತಾರೆ. ನಮ್ಮ ಕಾಲಕ್ಕೆ ಸಾಕ್ಷಿ ಮರುಳಪ್ಪನವರು. ಕಂಚಿನ ತಟ್ಟೆಯಲ್ಲಿ ನಾಲ್ಕು ಹುಣಸೆ ಬೀಜ ಇಟ್ಟುಕೊಂಡು ಅವರು ಎದುರಿಗೆ ನಿಲ್ಲುತ್ತಾರೆ. ಮಾತು ಮುಗಿಯುವ ಮೊದಲೇ ಬೀಜ ಕುಣಿದರೆ ಅಲ್ಲಿದ್ದವರು ‘ಬಿತ್ತು’ ಎನ್ನಬೇಕು. ಯಾರೂ ಏನೂ ಅನ್ನದಿದ್ದರೆ ಸಾಕ್ಷಿ ‘ನಿಂತಿತು’ ಎನ್ನುತ್ತಾರೆ. ಮೂರು ಸಲ ಹೇಳಲು ಅವಕಾಶ. ಮೂರೂ ಒಡೆದರೆ ಆ ಮಾತನ್ನು ಆಮೇಲೆ ಎತ್ತುವ ಹಾಗಿಲ್ಲ. ಮರುಳಪ್ಪನವರು ಎಷ್ಟು ಕಟ್ಟುನಿಟ್ಟೆಂದರೆ, ಸ್ವಂತ ಮಗಳ ಒಪ್ಪಿಗೆಯ ಕೊನೆಯ ಅಕ್ಷರ ಒನಕೆಗೆ ಸಿಕ್ಕಿತೆಂದು ಊಟಕ್ಕೆ ಕೂತ ಬೀಗರನ್ನು ಎಬ್ಬಿಸಿ ಇನ್ನೊಮ್ಮೆ ಹೇಳಿಸಿದವರು. ಆವತ್ತು ಪಾಯಸ ಆರಿಹೋಯಿತೆಂದು ಬೀಗರು ಈಗಲೂ ಗೊಣಗುತ್ತಾರೆ.

ಇಂಥ ಊರಿನಲ್ಲಿ ನಾನು ನಿಧಾನವಾಗಿ ಮಾತಾಡುವವಳಾಗಿ ಹುಟ್ಟಿದೆ. ಹೆಸರು ನೀಲಾಂಬಿಕೆ, ಕೆಲಸ ಬಳೆ ತೊಡಿಸುವುದು. ನನ್ನದು ತೊದಲಲ್ಲ, ಉಗ್ಗಲ್ಲ. ನನ್ನ ಒಂದೊಂದು ಅಕ್ಷರವೂ ಎದ್ದು, ಮುಖ ತೊಳೆದು, ತಲೆ ಬಾಚಿಕೊಂಡು ಹೊರಗೆ ಬರುತ್ತದೆ, ಅಷ್ಟೇ. ನಿಧಾನವೇ ಪ್ರಧಾನ ಎನ್ನುವ ಗಾದೆಯನ್ನು ಕಟ್ಟಿದವರು ನಮ್ಮೂರಿನವರಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೈ ಮಾತ್ರ ಚುರುಕು. ಗಾಜಿನ ಬಳೆಯನ್ನು ಬೆರಳ ಗೆಣ್ಣಿನ ಹತ್ತಿರ ಹಿಡಿದು, ಒನಕೆ ಬಿದ್ದು ನೆಲ ತಣ್ಣಗಾದ ಮರುಗಳಿಗೆಯಲ್ಲೇ ಒಳಗೆ ಜಾರಿಸಿಬಿಡುತ್ತೇನೆ. ನನ್ನ ಕೈಯಲ್ಲಿ ಬಳೆ ಒಡೆದದ್ದು ಕಡಿಮೆ, ಮಾತು ಒಡೆದದ್ದೇ ಹೆಚ್ಚು. ಬರೆಯುವಾಗ ಈ ತೊಂದರೆಯಿಲ್ಲ, ಯಾರೂ ಅವಸರ ಮಾಡುವುದಿಲ್ಲ. ಆದ್ದರಿಂದ ಈ ಕಥೆ ಹನುಮಂತನ ಬಾಲದ ಹಾಗೆ ಬೆಳೆದರೆ ನೀವು ಸಹಿಸಿಕೊಳ್ಳಬೇಕು.

ನನಗೂ ಒಂದು ಸಂಬಂಧ ಬಂದಿತ್ತು. ಒಪ್ಪಿಗೆಯಲ್ಲಿ ಹುಡುಗನ ಅಪ್ಪನ ಹೆಸರು, ಹುಡುಗನ ಹೆಸರು ಎರಡೂ ಬರಬೇಕು. ಅಪ್ಪ ಮಹಾರುದ್ರಲಿಂಗಪ್ಪ, ಮಗ ಸಿದ್ದರಾಮೇಶ್ವರ. ಮೂರು ಸಲವೂ ನಾನು ಅಪ್ಪನವರೆಗೆ ಬಂದೆ, ಹುಡುಗನನ್ನು ತಲುಪಲಿಲ್ಲ. ಅವರ ಮನೆಯಲ್ಲಿ ಚಿಕ್ಕ ಚಿಕ್ಕ ಹೆಸರಿಡುವ ಪದ್ಧತಿ ಇದ್ದಿದ್ದರೆ ನಾನಿವತ್ತು ಮೊಮ್ಮಕ್ಕಳ ಕನಸು ಕಾಣುತ್ತಿದ್ದೆ. ಆವತ್ತು ಬಹಳ ಅತ್ತೆ. ಆಮೇಲೆ ಆ ಹುಡುಗ ಬೇರೆ ಮದುವೆಯಾಗಿ, ಹೆಂಡತಿಯ ಬಾಯಿಗೆ ಹೆದರಿ ದಿನವೆಲ್ಲ ಹೋಟೆಲಿನಲ್ಲೇ ಕೂರುವುದನ್ನು ನೋಡಿ, ಅಳುವನ್ನೆಲ್ಲ ವಾಪಸು ತೆಗೆದುಕೊಂಡೆ.

ಅಂದಿನಿಂದ ನನ್ನ ಬಾಯಿ ನನ್ನ ಅಣ್ಣ ರುದ್ರಮುನಿ. ಅಣ್ಣ ಒಳ್ಳೆಯವನು; ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನ ಮೇಲೆ ಸಿಟ್ಟಾಗಬೇಡಿ. ಅವನ ಮಾತು ಹುರಿಯುವ ಕಡಲೆ ಸಿಡಿದ ಹಾಗೆ. ಒಂದೇ ಸಂದಿನಲ್ಲಿ ವ್ಯಾಪಾರ ಕುದುರಿಸಿ, ಆಣೆ ಇಟ್ಟು, ನಶ್ಯ ಏರಿಸಿ, ಒನಕೆಗೆ ಬಾಯಿ ಮುಚ್ಚಿಕೊಂಡು ಕಾಯುತ್ತಾನೆ. ಬಳೆ ಅಂಗಡಿಯಲ್ಲಿ ಕೈ ನನ್ನದು, ಮಾತು ಅವನದು. ಗಿರಾಕಿಗಳು ನನ್ನನ್ನು ಕೇಳುತ್ತಾರೆ, ಉತ್ತರ ಅವನಿಂದ ಬರುತ್ತದೆ. ಒಂದು ಮದುವೆಮನೆಯಲ್ಲಿ ಬಡಿಸುವವರು ನನ್ನ ಎಲೆಯ ಮುಂದೆ ಬಂದಾಗ ನಾನು ಬದನೆಕಾಯಿ ಪಲ್ಯ ಇನ್ನೊಂಚೂರು ಬೇಕು ಎನ್ನಲು ಹೊರಟಿದ್ದೆ. ನಾನು ‘ಬದನೆಕಾಯಿ’ ಎನ್ನುವಷ್ಟರಲ್ಲಿ ಅಣ್ಣ ಮುಂದೆ ಬಿದ್ದು ‘ನೀಲಾಗೆ ಬದನೆಕಾಯಿ ಆಗಲ್ಲ’ ಎಂದುಬಿಟ್ಟ. ಒಂದೇ ಸಂದಿನಲ್ಲಿ ಹೇಳಿದ್ದರಿಂದ ಅದು ನಿಂತಿತು. ಬದನೆಕಾಯಿ ಎಂದರೆ ಪ್ರಾಣ ಬಿಡುವ ನನಗೆ ಆವತ್ತಿನಿಂದ ಊರಿನಲ್ಲಿ ಯಾರೂ ಅದನ್ನು ಬಡಿಸಿಲ್ಲ.

ಹೀಗಿರುವಾಗ ಹೈಮವತಿ ಮೇಡಂ ಬಂದರು. ನೆಲದ ಗುದ್ದನ್ನು ಅಳೆಯುವ ಯಂತ್ರಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು, ಸೀತಾರಾಮಯ್ಯನವರ ಹೋಟೆಲಿನ ಮೇಲಿನ ಕೋಣೆ ಹಿಡಿದರು. ಓದಿದವರ ಮಾತು ಉದ್ದ ನೋಡಿ, ಮೊದಲ ದಿನವೇ ಒನಕೆಗೆ ನಾಲಗೆ ಕಚ್ಚಿಕೊಂಡರು. ಎರಡನೆಯ ದಿನ ಬಾಯಲ್ಲಿ ಲವಂಗ ಇಟ್ಟುಕೊಂಡು ಓಡಾಡುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಮೂರನೆಯ ದಿನ ನಮ್ಮ ಅಂಗಡಿಗೆ ಬಂದು ಕೈ ಚಾಚಿದರು.

ನಾನು ಬಳೆ ತೊಡಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಒನಕೆ ಬೀಳುವುದು ಮೊದಲೇ ಗೊತ್ತಾಗುತ್ತದೆಯೇ ಎಂದು ಕೇಳಿದರು. ಅಣ್ಣ ಪೇಟೆಗೆ ಹೋಗಿದ್ದರಿಂದ ನಾನೇ ಉತ್ತರ ಹೇಳಬೇಕಾಯಿತು. ಗೊತ್ತಾಗುವುದು ಒನಕೆ ಬೀಳುವುದೊಂದೇ ಅಲ್ಲ ಮೇಡಂ, ಸಂದಿನಲ್ಲೂ ನೆಲ ಸಣ್ಣಗೆ ಉಸಿರಾಡುತ್ತದೆ, ಅಂಗೈ ಇಟ್ಟರೆ ತಿಳಿಯುತ್ತದೆ ಎಂದೆ. ಇಷ್ಟು ಹೇಳಲು ಹಲವು ಒನಕೆ ಹಿಡಿಯಿತು. ಅಷ್ಟೂ ಹೊತ್ತು ಅವರು ಕಾದರು. ನನ್ನ ಮಾತನ್ನು ತಾವೇ ಮುಗಿಸಿಕೊಡಲಿಲ್ಲ, ತಲೆಯಾಡಿಸಿ ಅವಸರಪಡಿಸಲಿಲ್ಲ. ನಾಲಗೆ ಊದಿಕೊಂಡಿತ್ತು, ನಡುವೆ ಬಾಯಿ ಹಾಕಲು ಆಗುತ್ತಿರಲಿಲ್ಲ ಎಂದು ಆಮೇಲೆ ಅವರೇ ಹೇಳಿದರು. ಕಾರಣ ಏನಾದರೂ ಇರಲಿ, ನನ್ನ ಜೀವಮಾನದಲ್ಲಿ ನಾನು ಹೇಳಿದ್ದನ್ನು ಕೊನೆಯವರೆಗೆ ಕೇಳಿದ ಮೊದಲ ಮನುಷ್ಯರು ಅವರು. ಅವರು ಹೋದ ಮೇಲೂ ನನ್ನ ಎದೆ ಹಿಗ್ಗಿಕೊಂಡೇ ಇತ್ತು.

ಮರುದಿನ ಮೇಡಂ ಮತ್ತೆ ಬಂದರು. ಯಂತ್ರ ಗುದ್ದನ್ನು ಚೆನ್ನಾಗಿ ಬರೆದುಕೊಳ್ಳುತ್ತದೆ, ಗುದ್ದು ಎಲ್ಲರಿಗೂ ಬೇಕು, ಸಂದು ಯಾರಿಗೂ ಬೇಡ, ತನಗೆ ಬೇಕಾಗಿರುವುದು ಸಂದು ಎಂದರು. ಸಂದಿನಲ್ಲಿ ನೆಲದ ಮೇಲೆ ಅಂಗೈ ಇಟ್ಟು ಕೂತು, ಸಣ್ಣ ಉಸಿರು ತಿಳಿದಾಗಲೆಲ್ಲ ಒಂದು ಗುಂಡಿ ಒತ್ತುವವರು ಬೇಕು, ಆ ಕೆಲಸಕ್ಕೆ ನೀವು ಬರುತ್ತೀರಾ ಎಂದು ಕೇಳಿದರು. ಆ ಕೆಲಸದ ಹೆಸರು ಅರ್ಧ ಇಂಗ್ಲಿಷಿನಲ್ಲಿತ್ತು: ಇಂಟರ್‌ಸಿಸ್ಟಾಲಿಕ್ ವೀಕ್ಷಣೆ. ಹಾಗೆಂದರೇನು ಎಂದು ಕೇಳಿದೆ.

‘ಡಾಕ್ಟರುಗಳು ಬಳಸೋ ಪದ ನೀಲಾಂಬಿಕೆಯವರೇ. ಹೃದಯ ಒಂದು ಸಲ ಹಿಂಡಿಕೊಂಡು, ಮತ್ತೆ ಹಿಂಡಿಕೊಳ್ಳೋದರ ಮಧ್ಯೆ ಇರುತ್ತಲ್ಲ, ಅದಕ್ಕೆ ಸಂಬಂಧಪಟ್ಟದ್ದು ಅಂತ. ನಿಮ್ಮೂರ ನೆಲಕ್ಕೂ ಅದೇ ಸರಿಹೋಗುತ್ತೆ.’

ಹಾಗಾದರೆ ಆ ಹೊತ್ತಿನಲ್ಲಿ ಹೃದಯ ಸುಮ್ಮನೆ ಕೂತಿರುತ್ತದೆಯೇ ಎಂದು ಕೇಳಿದೆ.

‘ಸುಮ್ಮನೆ ಎಲ್ಲಿ ಕೂತಿರುತ್ತೆ. ತುಂಬಿಕೊಳ್ಳುತ್ತೆ. ಹಿಂಡಿದಾಗ ಖಾಲಿಯಾಗೋದು, ತುಂಬೋದೆಲ್ಲ ಆ ಸಂದಿನಲ್ಲೇ.’

ನನಗೆ ಆ ಪದದ ಮೇಲೆ ಪ್ರೀತಿ ಬಂದುಬಿಟ್ಟಿತು. ಅದು ವಿಶೇಷಣವಂತೆ. ಒಂಟಿಯಾಗಿ ನಿಲ್ಲುವುದಿಲ್ಲ, ಇನ್ನೊಂದು ಪದದ ಮುಂದೆ ನಿಂತು ಅದರ ಗುಣ ಹೇಳುತ್ತದೆಯಂತೆ. ನನ್ನ ಮುಂದೆ ನಿಂತು ನನ್ನ ಗುಣ ಹೇಳಲು ಅಣ್ಣ ಇದ್ದಾನೆ, ಅಂಥದ್ದೇ ಇರಬೇಕು ಎಂದುಕೊಂಡೆ. ಆದರೆ ಅಣ್ಣನಿಗಿಂತ ಈ ಪದ ನನಗೆ ಹೆಚ್ಚು ಒಪ್ಪುತ್ತಿತ್ತು. ದೇವರಾಣೆ, ಆ ಕೆಲಸ ನನಗೆ ಬೇಕೆನಿಸಿತು. ಸಂಬಳಕ್ಕಲ್ಲ, ನನ್ನ ಬಾಯಿಂದ ಬಂದ ಒಂದೇ ಒಂದು ಮಾತು ಈ ಊರಿನಲ್ಲಿ ನಿಂತರೆ ಸಾಕಿತ್ತು.

ನಮ್ಮೂರಿನಲ್ಲಿ ಯಾರಾದರೂ ಕೆಲಸಕ್ಕೆ ಸೇರಬೇಕಾದರೆ ಸಾಕ್ಷಿಯ ಎದುರು ಒಪ್ಪಿಕೊಳ್ಳಬೇಕು. ಮೇಡಂ ಮತ್ತು ನಾನು ಮರುಳಪ್ಪನವರ ಹತ್ತಿರ ಹೋದೆವು. ಅವರು ಕೆಲಸದ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಗಡ್ಡ ನೀವಿಕೊಂಡು, ‘ನಾನು ನೀಲಾಂಬಿಕೆ, ಇಂಟರ್‌ಸಿಸ್ಟಾಲಿಕ್ ವೀಕ್ಷಣೆಯ ಕೆಲಸ ಒಪ್ಪಿದ್ದೇನೆ’ ಎಂದು ಒಂದು ಸಂದಿನಲ್ಲಿ ಹೇಳಿದರಾಯಿತು ಎಂದರು. ಬರೀ ಸಂದಿನ ಕೆಲಸ ಎಂದರೆ ಸಾಲದೇ ಎಂದು ಮೇಡಂ ಕೇಳಿದ್ದಕ್ಕೆ, ಹೆಸರು ಮೊಟಕು ಮಾಡಿದರೆ ನಾಳೆ ಇವಳ ಕೈಲಿ ಕಸ ಹೊಡೆಸಿಕೊಂಡರೂ ಕೇಳುವ ಹಾಗಿಲ್ಲ ಎಂದು ತಲೆಯಾಡಿಸಿಬಿಟ್ಟರು. ಬರುವ ಹುಣ್ಣಿಮೆಯ ಬೆಳಗ್ಗೆ ಅರಳಿಕಟ್ಟೆಯ ಮುಂದೆ ಎಂದು ಗೊತ್ತುಮಾಡಿದರು.

ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಸಂದಿಗೆ ಇಂಗ್ಲಿಷಿನವರು ಕೊಟ್ಟ ಹೆಸರು ನನ್ನ ಬಾಯಲ್ಲಿ ಸಂದಿಗಿಂತ ಉದ್ದವಾಗಿತ್ತು. ಇಂಟರ್ ಎನ್ನುವಷ್ಟರಲ್ಲಿ ಅರ್ಧ ಸಂದು ಕಳೆಯುತ್ತಿತ್ತು, ಸಿಸ್ಟಾ ಎನ್ನುವಾಗ ಒನಕೆ ಬೀಳುತ್ತಿತ್ತು, ಲಿಕ್ ಮುಂದಿನ ಸಂದಿಗೆ. ಸುದ್ದಿ ಹರಡಿತು. ನಮ್ಮೂರಿನವರು ಬೇರೆಯವರ ಕಷ್ಟ ಕಂಡರೆ ಸುಮ್ಮನಿರುವವರಲ್ಲ, ಅದು ನಮ್ಮೂರಿನ ದೊಡ್ಡ ಗುಣ, ದೊಡ್ಡ ಕಾಟವೂ ಹೌದು. ನನಗೆ ಕಲಿಸುವುದಕ್ಕಾಗಿ ಎಲ್ಲರೂ ಆ ಪದ ಕಲಿಯತೊಡಗಿದರು. ಬಳೆಗೆ ಕೈ ಚಾಚಿದ ಹೆಂಗಸರು ಇಂಟರ್‌ಸಿಸ್ಟಾಲಿಕ್ ಎಂದು ಹೇಳಿ ತೋರಿಸಿ, ಹಿಂಗೆ ಹೇಳು ನೀಲಕ್ಕ ಎನ್ನುತ್ತಿದ್ದರು. ಸೀತಾರಾಮಯ್ಯನವರು ಇಂಟರ್‌ಸಿಸ್ಟಾಲಿಕ್ ಕಾಫಿ ಎಂದು ಬೋರ್ಡಿನಲ್ಲಿ ಬರೆದರು. ಲೋಟ ಮಾತ್ರ ಮೊದಲಿನಷ್ಟೇ ತುಂಬುತ್ತಿತ್ತು. ಕ್ಷೌರದ ಅಂಗಡಿಯಲ್ಲಿ ಇಂಟರ್‌ಸಿಸ್ಟಾಲಿಕ್ ಕಟಿಂಗ್ ಶುರುವಾಯಿತು. ಅಭ್ಯಾಸವಿಲ್ಲದ ಪದ ನೋಡಿ, ಚುರುಕು ಬಾಯಿಯವರೂ ಒನಕೆಗೆ ಸಿಕ್ಕಿ ನಾಲಗೆ ಕಚ್ಚಿಕೊಂಡರು. ದಿನಸಿ ಅಂಗಡಿಯಲ್ಲಿ ಲವಂಗ ಮುಗಿದು ಪೇಟೆಯಿಂದ ತರಿಸಬೇಕಾಯಿತು. ಊರಿನ ಜನ ಒಂದು ಹದಿನೈದು ದಿನ ಬಾಯಲ್ಲಿ ಲವಂಗ ಇಟ್ಟುಕೊಂಡೇ ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಿದ್ದರು. ಇಷ್ಟಾದರೂ ನನಗೆ ಬರಲಿಲ್ಲ. ಪದವೇನೋ ಬಾಯಿಗೆ ಚೆನ್ನಾಗಿ ಕೂತಿತ್ತು, ಒನಕೆ ಕಾಯುತ್ತಿರಲಿಲ್ಲ.

ಒಂದು ದಿನ ಮೇಡಂ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹಳ್ಳದ ಸೇತುವೆಯಾಚೆ ಕರೆದುಕೊಂಡು ಹೋದರು. ಅಲ್ಲಿ ಒನಕೆ ಇಲ್ಲ. ನಮ್ಮೂರಿನವರು ಆಚೆ ಹೋಗುವುದು ಅಪರೂಪ. ಹೋದವರೂ ಎತ್ತಿದ ಕಾಲು ಊರದೆ, ಒನಕೆ ಬೀಳಲಿ ಎಂದು ಕಾಯುತ್ತ ಕೊಕ್ಕರೆಯ ಹಾಗೆ ನಿಂತಿರುತ್ತಾರೆಂದು ಆಚೆಯವರು ನಗುವುದುಂಟು. ನಾನೂ ಜೀಪಿನಿಂದ ಇಳಿಯಲು ಒಂದು ಕಾಲು ಹೊರಗಿಟ್ಟು ಹಾಗೇ ಕೂತಿದ್ದೆ. ಇಳಿಯಿರಿ, ಬೀಳುವುದಿಲ್ಲ ಎಂದು ಮೇಡಂ ಕೈ ಹಿಡಿದು ಇಳಿಸಿದರು. ನೆಲ ಹೆಪ್ಪುಗಟ್ಟಿದ ಮೊಸರಿನ ಹಾಗೆ ಅಲುಗದೆ ಇತ್ತು. ಅಲ್ಲಿ ನಿಂತು ನಾನು ಹೇಳಿದೆ: ನಾನು ನೀಲಾಂಬಿಕೆ, ಇಂಟರ್‌ಸಿಸ್ಟಾಲಿಕ್ ವೀಕ್ಷಣೆಯ ಕೆಲಸ ಒಪ್ಪಿದ್ದೇನೆ. ಒಂದು ಅಕ್ಷರವೂ ಒಡೆಯಲಿಲ್ಲ. ಮಾತು ಮುಗಿದ ಮೇಲೆ ಏನು ಮಾಡಬೇಕೆಂದು ಮಾತ್ರ ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಒನಕೆ ಬಂದು ಬಾಯಿ ಮುಚ್ಚಿಸುತ್ತದೆ, ಇಲ್ಲಿ ಮುಚ್ಚಿಸುವವರೇ ಇರಲಿಲ್ಲ. ಹಾಗಾಗಿ ಮುಂದುವರಿಸಿದೆ. ಬದನೆಕಾಯಿಯ ವಿಷಯ ಹೇಳಿದೆ, ಮಹಾರುದ್ರಲಿಂಗಪ್ಪನವರ ವಿಷಯ ಹೇಳಿದೆ, ಅಮ್ಮ ತೀರಿಕೊಂಡಾಗ ನಾನು ಹೇಳಬೇಕೆಂದಿದ್ದ ಎರಡು ಮಾತನ್ನೂ ಹೇಳಿದೆ. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲಿನ ಮೇಲೆ ಗಲ್ಲ ಊರಿ ಎಲ್ಲ ಕೇಳಿದರು. ಕತ್ತಲಾಗುವ ಹೊತ್ತಿಗೆ ಮೇಡಂ ನನ್ನ ಬಾಯಿಗೆ ಕೈ ಅಡ್ಡ ಹಿಡಿದು ನಿಲ್ಲಿಸಬೇಕಾಯಿತು. ನಾನು ನಗುತ್ತಿದ್ದೆ, ಕೆನ್ನೆ ಒದ್ದೆಯಾಗಿತ್ತು.

ಪ್ರಮಾಣವನ್ನು ಸೇತುವೆಯಾಚೆಯೇ ಮಾಡಿಸಿ ಎಂದು ಮೇಡಂ ಮರುಳಪ್ಪನವರನ್ನು ಕೇಳಿಕೊಂಡರು. ಒನಕೆ ಬೀಳದ ಕಡೆ ಆಡಿದ್ದು ಹೇಗೆ ಮಾತಾಗುತ್ತದೆ, ಒಡೆಯಬಹುದಾದದ್ದು ಒಡೆಯದಿದ್ದರೆ ತಾನೆ ಅದಕ್ಕೆ ಬೆಲೆ ಎಂದು ಅವರು ಒಪ್ಪಲಿಲ್ಲ.

ಹುಣ್ಣಿಮೆಯ ಹಿಂದಿನ ಸಂಜೆ ಅಣ್ಣ ಅಂಗಡಿಯ ಬಾಗಿಲು ಹಾಕಿ ನನ್ನೆದುರು ಕೂತ. ಅವನೂ ಲವಂಗ ಅಗಿಯುತ್ತಿದ್ದ. ಊರಿನಲ್ಲಿ ಆ ಇಡೀ ಮಾತನ್ನು ತಪ್ಪಿಲ್ಲದೆ ಒಂದು ಸಂದಿನಲ್ಲಿ ಹಿಡಿಸುತ್ತಿದ್ದವನು ಅವನೊಬ್ಬನೇ.

‘ನೀಲಾ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಾಳೆ ನಾನೇ ಒಪ್ಕೋತೀನಿ. ಕೆಲಸ ನನ್ನ ಹೆಸರಲ್ಲಿರ್ಲಿ, ಮಾಡೋಳು ನೀನೇ. ಮೇಡಂಗೂ ಕೆಲಸ ಆಗುತ್ತೆ, ನಿಂಗೂ ಆಸೆ ತೀರುತ್ತೆ. ಮೂರು ಸಲಾನೂ ಒಡೆದ್ರೆ ನೀನು ತಡ್ಕೊಳ್ಳಲ್ಲ ಕಣೆ. ಆವಾಗ ನೋಡಿದೀನಲ್ಲ.’

ಅವನ ಕಣ್ಣು ತುಂಬಿತ್ತು. ನನಗೆ ಮೈಯೆಲ್ಲ ಉರಿಯಿತು. ಬೈದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಪ್ರೀತಿಯಿಂದ ನಮ್ಮ ಬಾಯಿ ಕಿತ್ತುಕೊಳ್ಳುವವರ ಮೇಲೆ ಕಷ್ಟ. ಅದಕ್ಕೂ ಒಂದಿಷ್ಟು ಹೊತ್ತು ಬೇಕಾಯಿತು. ಅವನು ನಡುವೆ ಬಾಯಿ ಹಾಕಬಾರದೆಂದು ಕೈಯೆತ್ತಿ ತಡೆದು, ಒಂದೊಂದೇ ಅಕ್ಷರವನ್ನು ತಂದು ಅವನ ಮುಂದಿಟ್ಟೆ.

‘ಒಡೆದ್ರೆ... ನನ್ನ ಬಾಯಲ್ಲೇ... ಒಡೀಲಿ ಅಣ್ಣ. ನೀನು... ಹೇಳ್ಬೇಡ.’

ಅವನು ಏನೋ ಹೇಳಲು ಹೊರಟ. ಒನಕೆ ಬಿತ್ತು, ಬಾಯಿ ಮುಚ್ಚಿದ. ಆಮೇಲೆ ಎದ್ದು ಒಳಗೆ ಹೋದ. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಇಬ್ಬರ ಮುಖವನ್ನೂ ನೋಡಿ, ಇವತ್ತು ಮನೆಯಲ್ಲಿ ಒನಕೆ ಒಂದೇ ಮಾತಾಡ್ತಿದೆ ಎಂದಳು.

ಮರುದಿನ ಅರಳಿಕಟ್ಟೆಯ ಮುಂದೆ ಊರೇ ನೆರೆದಿತ್ತು. ಸೀತಾರಾಮಯ್ಯನವರು ಹೋಟೆಲು ಮುಚ್ಚಿ ತಟ್ಟೆ ತುಂಬ ಕಾಫಿ ಲೋಟ ಹಿಡಿದುಕೊಂಡೇ ಬಂದಿದ್ದರು. ಮೇಡಂ ಒಂದು ಪಕ್ಕದಲ್ಲಿ, ಅಣ್ಣ ಇನ್ನೊಂದು ಪಕ್ಕದಲ್ಲಿ. ಮರುಳಪ್ಪನವರು ಬಿಳಿ ಪಂಚೆ ಉಟ್ಟು, ತಟ್ಟೆಯ ಮೇಲೆ ಹುಣಸೆ ಬೀಜ ಇಟ್ಟುಕೊಂಡು ನನ್ನೆದುರು ನಿಂತರು. ಒನಕೆ ಬಿದ್ದ ಕೂಡಲೇ ಶುರುಮಾಡು ತಾಯಿ ಎಂದರು.

ಬಿತ್ತು. ನಾನು ಶುರುಮಾಡಿದೆ. ಸಿಸ್ಟಾ ಎನ್ನುವಾಗ ಬೀಜ ಕುಣಿಯಿತು. ‘ಬಿತ್ತು’ ಎಂದರು ಎಲ್ಲರೂ. ಕಟ್ಟಳೆ, ಅನ್ನಲೇಬೇಕು.

ಎರಡನೆಯ ಸಲ ಓಡಿದೆ. ಹೇಗೆ ಓಡಿದೆನೆಂದರೆ ನನ್ನ ಅಕ್ಷರಗಳಿಗೆ ತಲೆ ಬಾಚಿಕೊಳ್ಳಲೂ ಬಿಡಲಿಲ್ಲ. ಇಂಟರ್‌ಸಿಸ್ಟಾಲಿಕ್ ದಾಟಿದೆ, ವೀಕ್ಷಣೆಯಲ್ಲಿ ಎಡವಿದೆ, ಒನಕೆ ಬಿದ್ದು ನಾಲಗೆ ಹಲ್ಲಿಗೆ ಸಿಕ್ಕಿ ಬಾಯಲ್ಲಿ ರಕ್ತದ ರುಚಿ ಬಂತು. ‘ಬಿತ್ತು’ ಎಂದರು. ಈ ಸಲ ದನಿ ಸಣ್ಣದಾಗಿತ್ತು. ಮುಂದೆ ನಿಂತಿದ್ದ ಹೆಂಗಸರು ನೆಲ ನೋಡುತ್ತಿದ್ದರು.

ಮರುಳಪ್ಪನವರು ನನಗೆ ನೀರು ಕೊಡಿಸಿದರು. ಚೆದುರಿದ ಬೀಜಗಳನ್ನು ಮತ್ತೆ ಜೋಡಿಸಿದರು. ಹೇಳಿದರೆ ನಿಲ್ಲುವುದಿಲ್ಲ, ಹೇಳದಿದ್ದರೆ ಅಣ್ಣ ಹೇಳುತ್ತಾನೆ, ಎರಡರಲ್ಲಿ ಯಾವುದು ಎಂದು ಯೋಚಿಸಿದೆ. ನನ್ನ ಬಾಯಿ ಎಂದೂ ಸಂದಿಗೆ ಹೊಂದುವುದಿಲ್ಲ ಎಂಬುದು ಆಗ ಸ್ಪಷ್ಟವಾಗಿ ತಿಳಿಯಿತು. ವಿಚಿತ್ರವೆಂದರೆ, ತಿಳಿದ ಮೇಲೆ ಭಯ ಹೋಯಿತು. ಹೇಗೂ ಒಡೆಯುವ ಮಾತು, ಚೆನ್ನಾಗಿಯಾದರೂ ಆಡೋಣ ಎಂದುಕೊಂಡೆ.

ಒನಕೆ ಬಿತ್ತು. ‘ನಾನು ನೀಲಾಂಬಿಕೆ’ ಎಂದೆ, ನನ್ನ ನಡಿಗೆಯಲ್ಲೇ. ಹೆಸರನ್ನು ಪೂರ್ತಿಯಾಗಿ, ಯಾವ ಅಕ್ಷರವನ್ನೂ ನೂಕದೆ. ‘ಇಂಟರ್’ ಎಂದು ಬಾಯಿ ಮುಚ್ಚಿದೆ, ಒನಕೆ ಬಿತ್ತು. ತಟ್ಟೆಯ ಮೇಲಿನ ಬೀಜಗಳು ಎಗರಿದವು, ಒಂದು ಕೆಳಗೇ ಉರುಳಿತು. ಬಾಯಿ ತೆರೆದು ‘ಸಿಸ್ಟಾಲಿಕ್’ ಎಂದೆ. ‘ವೀಕ್ಷಣೆಯ ಕೆಲಸ’ ಎಂದೆ. ಮತ್ತೆ ಒನಕೆ. ನೆರೆದಿದ್ದವರೆಲ್ಲ ಒಂದು ಬೆರಳು ಮೇಲೆದ್ದು ಕೂತರು, ಸೀತಾರಾಮಯ್ಯನವರ ತಟ್ಟೆಯ ಲೋಟಗಳು ಝಣಗುಟ್ಟಿದವು. ನಾನು ಕೊನೆಯ ಮಾತು ತೆಗೆದೆ. ‘ಒಪ್ಪಿದ್ದೇನೆ.’

ಯಾರೂ ಏನೂ ಅನ್ನಲಿಲ್ಲ.

ಮರುಳಪ್ಪನವರು ಕಾದರು. ‘ಬಿತ್ತು’ ಎನ್ನಲು ಎಲ್ಲರಿಗೂ ಬಾಯಿತ್ತು, ಆ ಹದಿನೈದು ದಿನದಲ್ಲಿ ಆ ಪದಕ್ಕಾಗಿ ಎಲ್ಲರ ಬಾಯಿಗೂ ಗಾಯವಾಗಿತ್ತು. ಹೆಂಗಸರು ತಮ್ಮ ಬಳೆ ನೋಡಿಕೊಂಡರು. ಕ್ಷೌರದವನು ಆಕಾಶ ನೋಡಿದ. ಸೀತಾರಾಮಯ್ಯನವರು ಅಂಗಿಯ ಮೇಲೆ ಚೆಲ್ಲಿದ ಕಾಫಿಯನ್ನು ಯಾರದೋ ಅಂಗಿ ನೋಡಿದ ಹಾಗೆ ನೋಡಿದರು. ಆಗ ಅಣ್ಣ ಬಾಯಿ ತೆರೆದ. ನನ್ನ ಪರವಾಗಿ ಮಾತಾಡದೆ ಅವನು ಒಂದು ದಿನ ಕಳೆದವನಲ್ಲ, ಈಗಲೂ ಏನೋ ಹೇಳಿಬಿಡುತ್ತಾನೆಂದು ಎಲ್ಲರೂ ಅವನ ಕಡೆ ತಿರುಗಿದರು. ಅಣ್ಣ ನನ್ನ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ಆಗ ಒನಕೆ ಬಿದ್ದಿರಲಿಲ್ಲ, ಸಂದಿನ ನಡುವೆಯೇ ಮುಚ್ಚಿಕೊಂಡ.

ಮರುಳಪ್ಪನವರು ಬಗ್ಗಿ, ಕೆಳಗೆ ಬಿದ್ದ ಬೀಜವನ್ನು ಆಯ್ದುಕೊಂಡರು.

‘ವಯಸ್ಸಾಯ್ತು ನೋಡ್ರಪ್ಪ, ಕೈ ನಡುಗ್ತದೆ’ ಎಂದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ‘ನಿಂತಿತು’ ಎಂದರು.

ಸಂಜೆಯವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ, ಅದು ಒನಕೆಯಿಂದಲ್ಲ. ಮೇಡಂ ನನ್ನನ್ನು ಅಪ್ಪಿಕೊಂಡು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಅದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಪದ, ಅದನ್ನು ಗುರುತಿಸಿ ತಲೆಯಾಡಿಸಿದೆ. ಬಿಸಿಲು ಇಳಿದ ಮೇಲೆ ಅಣ್ಣ ಅಂಗಡಿಯ ಬಾಗಿಲು ತೆಗೆದ. ಸ್ವಲ್ಪ ಹೊತ್ತಿಗೆ ಮೇಲಿನ ಕೇರಿಯ ಒಬ್ಬ ಹೆಂಗಸು ಬಂದು, ಮಗಳ ಸೀಮಂತಕ್ಕೆ ಹಸಿರು ಬಳೆ ಬೇಕು, ಯಾವಾಗ ತರಿಸಿಕೊಡುತ್ತೀರಿ ಎಂದು ಅಣ್ಣನನ್ನು ಕೇಳಿದಳು. ಅಣ್ಣ ನಶ್ಯದ ಡಬ್ಬಿ ತೆಗೆದ, ಮುಚ್ಚಿದ.

‘ನನ್ನನ್ಯಾಕೆ ಕೇಳ್ತೀಯವ್ವ, ಅವಳನ್ನ ಕೇಳು’ ಎಂದ.

ಆಕೆ ನನ್ನ ಕಡೆ ತಿರುಗಿದಳು. ನಾನು ಲೆಕ್ಕ ಹಾಕಿದೆ, ಪೇಟೆಯ ಸಂತೆ ಯಾವಾಗ, ಹಸಿರಿನಲ್ಲಿ ಯಾವ ಹಸಿರು, ಮಗಳ ಕೈ ಎಷ್ಟು ದಪ್ಪ. ‘ಸೋಮವಾರ’ ಎಂದೆ. ಒನಕೆ ಬಿತ್ತು. ‘ತರಿಸಿ’ ಎಂದೆ. ಮತ್ತೊಂದು ಬಿತ್ತು. ಅಣ್ಣ ಬೀದಿಯ ಕಡೆ ನೋಡುತ್ತಿದ್ದ. ಆಕೆ ಕೈಚೀಲವನ್ನು ಕೆಳಗಿಟ್ಟು ಜಗಲಿಯ ಮೇಲೆ ಕೂತಳು. ಅವಸರವೇನಿಲ್ಲ ನೀಲಕ್ಕ, ಹೇಳು ಎಂದಳು.